ಮುಂದಿನ ವರ್ಷ ಕೌದಿ ಎಲ್ಲಿ ಹಾಸೋಣು?

ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಫೋನ್ ಮಾಡಿದರೆ ಅವ್ವ ಮೂರನೇ ಸಲಕ್ಕೆ ಎತ್ತುತ್ತಾಳೆ. ‘ಎಲ್ಲಿದ್ದೀ ಬೇ?’ ಅಂದರೆ ಉತ್ತರ ಯಾವಾಗಲೂ ಒಂದೇ. ‘ಹಿತ್ತಲಾಗ ಇದ್ದೆ.’ ಹಿಂದೆಯೇ ವರದಿ ಶುರು. ನುಗ್ಗಿ ಹೂ ಬಿಟ್ಟಿದೆ, ಹೀರೀಬಳ್ಳಿ ಗ್ವಾಡಿ ಹತ್ತಿದೆ, ಯಾರದೋ ಮನೆಯ ಕೋಳಿ ಬಂದು ಮೆಂತ್ಯಪಲ್ಲೆ ಮಡಿ ಕೆದರಿದೆ. ನಾನು ಹೂಂ ಹೂಂ ಅನ್ನುತ್ತಾ ಲ್ಯಾಪ್‌ಟಾಪ್ ತೆರೆದುಕೊಂಡಿರುತ್ತೇನೆ. ನಿಜ ಹೇಳಬೇಕೆಂದರೆ, ಅರ್ಧ ಕೇಳುತ್ತೇನೆ, ಅರ್ಧ ಬಿಡುತ್ತೇನೆ.

ಆ ಹಿತ್ತಲಕ್ಕೆ ಕಾಂಕ್ರೀಟ್ ಹಾಕಿಸಬೇಕು ಅಂತ ತೀರ್ಮಾನ ಮಾಡಿದವಳು ನಾನೇ.

ನಮ್ಮ ಮನೆ ರೋಣದಲ್ಲಿ. ಅಪ್ಪ ಬಸ್ ಕಂಡಕ್ಟರ್ ಆಗಿದ್ದರು, ಹೋಗಿ ನಾಲ್ಕು ವರ್ಷ ಆಯಿತು. ಅವ್ವ ಒಬ್ಬಳೇ ಇದ್ದಾಳೆ. ಹಿಂದೆ 30 ಅಡಿ ಅಗಲ, 40 ಅಡಿ ಉದ್ದದ ಜಾಗ ಸುಮ್ಮನೆ ಬಿದ್ದಿದೆ, ಎರಡು ಕೋಣೆ ಕಟ್ಟಿಸಿದರೆ ಶಾಲೆಯ ಮಾಸ್ತರರೋ ಆಸ್ಪತ್ರೆಯ ನರ್ಸೋ ಬಾಡಿಗೆಗೆ ಬರುತ್ತಾರೆ, ತಿಂಗಳಿಗೆ 6 ಸಾವಿರ ಬರುತ್ತದೆ, ರಾತ್ರಿ ಹೊತ್ತು ಅವ್ವನಿಗೆ ಮನುಷ್ಯರ ಸದ್ದೂ ಇರುತ್ತದೆ. ಇದು ನನ್ನ ಲೆಕ್ಕ. ಮೇಸ್ತ್ರಿ ಏಳೂವರೆ ಲಕ್ಷ ಹೇಳಿದ್ದ. ಸಾಲಕ್ಕೆ ಕೇಳಿಯೂ ಆಗಿತ್ತು. ಅವ್ವನನ್ನು ಕೇಳಿದಾಗ ‘ನಿನಗ ಹ್ಯಾಂಗ ತಿಳೀತೈತಿ ಹಂಗ ಮಾಡು’ ಅಂದಿದ್ದಳು. ಅದನ್ನು ಒಪ್ಪಿಗೆ ಅಂತ ತಿಳಿದುಕೊಂಡೆ.

ಏಪ್ರಿಲ್‌ನಲ್ಲಿ ಮೂರು ವಾರ ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಸಿಕ್ಕಿತು. ರಾತ್ರಿ ಬಸ್ಸು ಹತ್ತಿ ಊರಿಗೆ ಹೋದೆ. ಚೀಲದಲ್ಲಿ ಲ್ಯಾಪ್‌ಟಾಪ್, ಮೇಸ್ತ್ರಿಯ ಅಂದಾಜು ಪಟ್ಟಿ, ಒಂದು ಅರ್ಧ ಹೆಣೆದ ಉಲ್ಲನ್ ಸ್ಕಾರ್ಫ್ ಇದ್ದವು. ಸ್ಕಾರ್ಫ್ ಯಾಕೆ ಅಂದರೆ, ನಮ್ಮ ಆಫೀಸಿನಲ್ಲಿ ಶುಕ್ರವಾರ ಊಟದ ಹೊತ್ತಿಗೆ ನಾಲ್ಕೈದು ಹುಡುಗಿಯರು ಕೂತು ಕ್ರೋಶಾ, ನಿಟ್ಟಿಂಗ್ ಮಾಡುತ್ತೇವೆ. ಒಂದು ವರ್ಷದಿಂದ ನನ್ನದು ಅದೇ ಸ್ಕಾರ್ಫ್. ಅವ್ವ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ‘ರೋಣದ ಬಿಸಲಾಗ ಇದನ್ನ ಯಾರ ಕೊಳ್ಳಿಗೆ ಸುತ್ತತೀ?’ ಅಂದಳು.

ಎರೆಮಣ್ಣು, ಸವುಳು ನೀರು

ಮೊದಲ ವಾರ ಬೆಳಿಗ್ಗೆ ಚಹಾ ಹಿಡಿದುಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂಡುತ್ತಿದ್ದೆ. ಆಗಲೇ ಗೊತ್ತಾಗಿದ್ದು, ಫೋನಿನಲ್ಲಿ ನಾನು ಬಿಟ್ಟುಬಿಡುತ್ತಿದ್ದ ಅರ್ಧದಲ್ಲಿ ಎಷ್ಟೊಂದು ಕೆಲಸ ಇತ್ತು ಅಂತ.

ರೋಣ, ನರಗುಂದ, ಗಜೇಂದ್ರಗಡದ ಕಡೆಯವರಿಗೆ ನಮ್ಮ ಎರೆಮಣ್ಣಿನ ಗುಣ ಹೇಳಬೇಕಾಗಿಲ್ಲ. ಮಳೆ ಬಂದರೆ ಚಪ್ಪಲಿ ಕಿತ್ತುಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಬಿಳಿಜೋಳಕ್ಕೆ, ಕಡಲೆಗೆ, ಹತ್ತಿಗೆ ಅದು ಬಂಗಾರ. ಹಿತ್ತಲ ಕಾಯಿಪಲ್ಲೆಗೆ ಸ್ವಲ್ಪ ಹಟಮಾರಿ. ಅದರ ಮೇಲೆ ನಮ್ಮ ಭಾಗದ ಎಷ್ಟೋ ಬೋರಿನ ನೀರು ಸವುಳು. ಆ ನೀರನ್ನೇ ಹಾಕುತ್ತಾ ಹೋದರೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಸಣ್ಣ ಸಸಿಗಳ ಎಲೆಯ ಅಂಚು ಸುಟ್ಟಹಾಗೆ ಆಗುತ್ತದೆ.

ಅವ್ವ ಇದಕ್ಕೆ ತನ್ನದೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾಳೆ. ಬೋರಿನ ನೀರು ತಡೆದುಕೊಳ್ಳುವ ನುಗ್ಗಿ, ತೆಂಗಿಗೆ ಮಾತ್ರ. ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ಮೆಂತ್ಯ, ರಾಜಗಿರಿ, ಪುಂಡಿಪಲ್ಲೆಯ ಮಡಿಗಳಿಗೆ. ಸ್ನಾನದ ನೀರು ಬಾಳೆಗೆ. ನಳದ ನೀರು ಬಂದ ದಿನ ಕೊಡ ತುಂಬಿದ ಮೇಲೆ ಉಳಿದದ್ದು ಮಲ್ಲಿಗೆಗೆ ಮತ್ತು ಅಬ್ಬಲಿಗೆಗೆ. ಮಳೆಗಾಲದಲ್ಲಿ ತಗಡಿನ ನೀರು ಒಂದು ಬ್ಯಾರಲ್ಲಿಗೆ. ಮಡಿಗಳ ಮೇಲೆ ಹೆಸರಿನ ಹೊಟ್ಟು ಹರವಿರುತ್ತಾಳೆ. ಹೊಟ್ಟು ಇದ್ದರೆ ಹಸಿ ಬೇಗ ಆರೋದಿಲ್ಲ, ನೆಲ ಅಷ್ಟು ಬಾಯಿ ಬಿಡೋದೂ ಇಲ್ಲ. ಎರಡು ವರ್ಷಕ್ಕೊಮ್ಮೆ ಒಂದು ಟ್ರ್ಯಾಲಿ ತಿಪ್ಪೆಗೊಬ್ಬರ. ಬೀಜಕ್ಕೆ ಅಂಗಡಿಗೆ ಹೋಗುವ ಮಾತೇ ಇಲ್ಲ. ಒಣಗಿದ ಹೀರೀಕಾಯಿ ಜಂತಿಗೆ ಜೋತುಬಿದ್ದಿರುತ್ತದೆ, ಬೀಜ ಅದರ ಹೊಟ್ಟೆಯೊಳಗೇ ಇರುತ್ತದೆ. ಚವಳಿ, ಅವರೆಯ ಬೀಜ ಬೂದಿ ಕಲಸಿದ ಡಬ್ಬಿಯಲ್ಲಿ.

ನಾನು ಆಫೀಸಿನಲ್ಲಿ ಮಾಡೋದೂ ಹೆಚ್ಚು ಕಡಿಮೆ ಇದೇ. ಯಾವ ಸರ್ವರಿಗೆ ಎಷ್ಟು ಭಾರ, ಯಾವುದು ತಡೆಯುತ್ತದೆ, ಯಾವುದು ಬೀಳುತ್ತದೆ ಅಂತ ಹಂಚೋದು. ನನಗೆ ಅದಕ್ಕೆ ಮೂರು ಮಂದಿಯ ತಂಡ ಇದೆ. ಅವ್ವ ಒಬ್ಬಳೇ, ಎರಡು ಬಕೆಟ್.

‘ಏ ಇಂಜಿನಿಯರ್, ಸೂಜಿ ಪೋಣಿಸಿ ಕೊಡ’

ಎರಡನೇ ವಾರ ಕೌದಿ ಶುರು ಆಯಿತು. ಹೊಲದ ಕೆಲಸ ಮುಗಿದು, ಮಳೆ ಇನ್ನೂ ಬರದೆ ಇರುವ ಈ ಎರಡು ತಿಂಗಳು ನಮ್ಮ ಕಡೆ ಕೌದಿಯ ಕಾಲ. ಸಂಜೆ ನಾಲ್ಕರ ಮೇಲೆ, ಹಿತ್ತಲ ಬೇವಿನ ನೆರಳು ಪೂರ್ವಕ್ಕೆ ಉದ್ದ ಆದಾಗ, ಒಬ್ಬೊಬ್ಬರೇ ಬಂದರು. ಎದುರು ಮನೆಯ ಕಾಕು, ಮೂಲೆಮನೆ ಅಜ್ಜಿ, ಆಕೆಯ ಸೊಸೆ. ನರಗುಂದದಿಂದ ನಮ್ಮ ಅತ್ತಿ ಒಂದು ಗಂಟು ಹಳೇ ಸೀರೆ ಹೊತ್ತುಕೊಂಡು ಬಸ್ಸಿಳಿದು ಬಂದಿದ್ದಳು, ವಾರ ಇದ್ದು ಹೋಗಲಿಕ್ಕೆ. ಈ ಸಲದ ಕೌದಿ ಮೂಲೆಮನೆ ಅಜ್ಜಿಯ ಮೊಮ್ಮಗಳ ಬಾಣಂತನಕ್ಕೆ. ನಮ್ಮ ಮನೆಗಲ್ಲ. ಆದರೂ ಕೂಡೋದು ನಮ್ಮ ಹಿತ್ತಲಲ್ಲೇ.

ಮೊದಲು ಕೆಳಗೆ ಒಂದು ಅಗಲವಾದ ಸೀರೆ ಹಾಸಿ ನಾಲ್ಕೂ ಮೂಲೆಗೆ ಕಲ್ಲು ಇಡುತ್ತಾರೆ. ಅದರ ಮೇಲೆ ಹಳೇ ಧೋತರ, ಲುಂಗಿ, ತೂತುಬಿದ್ದ ಚಾದರ ಪದರ ಪದರವಾಗಿ. ಎಲ್ಲಕ್ಕಿಂತ ಮೇಲೆ ಬಣ್ಣದ ತ್ಯಾಪಿಗಳು. ಪದರ ಜಾರದ ಹಾಗೆ ಮೊದಲು ಉದ್ದುದ್ದ ಹೊಲಿಗೆ. ಆಮೇಲೆ ನಾಲ್ಕು ಕಡೆ ನಾಲ್ವರು ಕೂತು ಅಂಚಿನಿಂದ ಒಳಗೆ ಸುತ್ತು ಸುತ್ತು ಬರುತ್ತಾರೆ. ಒಂದು ಸುತ್ತಿಗೂ ಇನ್ನೊಂದಕ್ಕೂ ಒಂದು ಬೆರಳಗಲ ಅಂತರ. ಕಡೆಗೆ ಎಲ್ಲರ ಸೂಜಿಯೂ ನಡುವೆ ಬಂದು ಸೇರುತ್ತವೆ.

ನಾನು ಒಳಗೆ ಕೋಡ್ ಬರೆಯುತ್ತಿದ್ದೆ. ಹೊರಗಿನಿಂದ ಅಜ್ಜಿಯ ಧ್ವನಿ. ‘ಏ ಇಂಜಿನಿಯರ್, ಒಂದ ಹತ್ತ ಸೂಜಿ ಪೋಣಿಸಿ ಕೊಟ್ಟು ಹೋಗ ಬಾ. ಕಣ್ಣ ಕಾಣಂಗಿಲ್ಲ ನಮಗ.’ ಅವತ್ತಿನಿಂದ ಅದು ನನ್ನ ಹುದ್ದೆ ಆಯಿತು. ಒಂದು ಮೀಟಿಂಗಿಗೂ ಇನ್ನೊಂದಕ್ಕೂ ನಡುವೆ ಹೊರಗೆ ಬಂದು ಹತ್ತು ಸೂಜಿ ಪೋಣಿಸಿ ತೆಂಗಿನ ಗರಿಯ ದಿಂಡಿಗೆ ಸಾಲಾಗಿ ಚುಚ್ಚಿ ಇಡೋದು. ಒಮ್ಮೆ ಹೆಡ್‌ಫೋನ್ ತೆಗೆಯೋದು ಮರೆತು ಬಂದಿದ್ದೆ. ಅತ್ತಿ ಕೇಳಿದಳು, ‘ಕಿವ್ಯಾಗ ಯಾರ ಮಾತಾಡಾಕತ್ತಾರ?’ ‘ಅಮೆರಿಕಾದವರು ಅತ್ತಿ.’ ‘ಅವರಿಗೆ ಹೇಳು, ಸೂಜಿ ಪೋಣಿಸಿ ಬರತೇನಿ, ತಡೀರಿ ಅಂತ.’

ನನಗೆ ಕೌದಿ ಹೊಲಿಯೋಕೆ ಬರೋದಿಲ್ಲ ಅಂತ ಗೊತ್ತಾದಾಗ ಸೊಸೆಗೆ ಆಶ್ಚರ್ಯ. ನಾನು ಅವ್ವನ ಕಡೆ ನೋಡಿದೆ. ಸಣ್ಣವಳಿದ್ದಾಗ ನಾನು ಸೂಜಿ ಮುಟ್ಟಿದರೆ ಅವ್ವ ಕಸಿದುಕೊಳ್ಳುತ್ತಿದ್ದಳು. ‘ಇದು ಇದ್ದದ್ದ, ನೀ ಹೋಗಿ ಓದ.’ ಅವತ್ತು ಬೇಜಾರಾಗುತ್ತಿತ್ತು. ಈಗ ಅರ್ಥ ಆಗುತ್ತದೆ. ಅಪ್ಪನ ಸಂಬಳದಲ್ಲಿ ಇಂಜಿನಿಯರಿಂಗ್ ಫೀಸು ಕಟ್ಟಿದ ಮನೆ ಅದು. ನನ್ನ ಒಂದು ತಾಸೂ ಸೂಜಿಗೆ ಹೋಗಬಾರದು ಅಂತ ಆಕೆಯ ಆಸೆ ಇತ್ತು. ಆ ಆಸೆ ಈಡೇರಿದೆ. ಅದಕ್ಕೇ ಮೂವತ್ತರ ವಯಸ್ಸಿಗೆ ನಾನು ಅವಳ ಪಕ್ಕ ಕೂತು, ‘ಇಲ್ಲಿಂದ ಎಲ್ಲಿಗೆ ಹೋಗಬೇಕವ್ವಾ’ ಅಂತ ಕೇಳುತ್ತಿದ್ದೆ.

ನನ್ನ ಮೊದಲ ಸಾಲು ಹಾವು ಹರಿದ ಹಾಗೆ ಹೋಯಿತು. ಬಿಚ್ಚಿ ಮತ್ತೆ ಹಾಕುತ್ತೇನೆ ಅಂದೆ. ಅಜ್ಜಿ ಬಿಡಲಿಲ್ಲ. ‘ಇರಲಿ ಬಿಡು. ಇದು ನೀ ಹಾಕಿದ್ದು ಅಂತ ಗೊತ್ತಾಗ್ಲಿ.’

ಕುತೂಹಲಕ್ಕೆ ಒಂದು ಲೆಕ್ಕ ಹಾಕಿದೆ. ನಮ್ಮ ಕೌದಿ 6 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಸುತ್ತಿನ ನಡುವೆ ಮುಕ್ಕಾಲು ಇಂಚು ಅಂದುಕೊಂಡರೆ ಒಟ್ಟು ಸಾಲಿನ ಉದ್ದ ಸುಮಾರು 430 ಅಡಿ. ಇಂಚಿಗೆ ಮೂರು ಹೊಲಿಗೆಯಂತೆ 15 ಸಾವಿರಕ್ಕೂ ಮಿಕ್ಕಿ. ಇದನ್ನು ದೊಡ್ಡ ಸುದ್ದಿಯ ಹಾಗೆ ಹೇಳಿದೆ. ಕಾಕು ತಲೆ ಎತ್ತದೆ, ‘ಹಂಗ ಎಣಿಸಿದ್ರ ಯಾರೂ ಹೊಲ್ಯಂಗಿಲ್ಲ ಬಿಡು’ ಅಂದಳು.

ಯಾವ ಸೀರೆ ಯಾರದು

ಕೌದಿಯ ಕೆಲಸ ಅರ್ಧ ಕೈಯದು, ಅರ್ಧ ಬಾಯಿಯದು. ಒಂದೊಂದು ತ್ಯಾಪಿಗೂ ಒಂದು ಕತೆ. ಅಜ್ಜಿಯ ತವರು ಗಜೇಂದ್ರಗಡ. ಆಕೆಯ ಗಂಟಿನಲ್ಲಿ ಒಂದು ದಪ್ಪ ಹತ್ತಿಯ ಚೌಕಡಿ ಸೀರೆ ಇತ್ತು, ಅರಿಶಿನದ ಬಣ್ಣ, ಕೆಂಪು ಅಂಚು. ‘ಪಟ್ಟೇದ ಅಂಚು’ ಅಂತಾರಲ್ಲ, ಅದು. ಗಜೇಂದ್ರಗಡದ ಕಡೆ ಮಗ್ಗದಲ್ಲಿ ನೇಯುತ್ತಿದ್ದ ಸೀರೆ. ಅದಕ್ಕೆ ಒಳಮೈ ಹೊರಮೈ ಅಂತ ಇಲ್ಲ, ಎರಡೂ ಕಡೆ ಒಂದೇ. ಒಂದು ಕಡೆ ಬಣ್ಣ ಮಾಸಿದರೆ ತಿರುವಿ ಉಡೋದು. ನಡುವೆ ಮರೆತೇಹೋಗಿದ್ದ ಈ ಸೀರೆಯನ್ನು ಇತ್ತೀಚಿನ ವರ್ಷಗಳಲ್ಲಿ ಮತ್ತೆ ನೇಯಿಸುತ್ತಿದ್ದಾರೆ, ಬೆಂಗಳೂರಿನ ಪ್ರದರ್ಶನಗಳಲ್ಲೂ ಮಾರಾಟಕ್ಕೆ ಬರುತ್ತದೆ. ಇದನ್ನು ಹೇಳಿದರೆ ಅಜ್ಜಿ, ‘ನಮ್ಮವ್ವ ಇದನ್ನ ಉಟ್ಟು ಹತ್ತಿ ಬಿಡಿಸ್ತಿದ್ಲು’ ಅಂದಳು, ಕತ್ತರಿ ಹಾಕಿದಳು.

ಅತ್ತಿಯ ಗಂಟಿನಲ್ಲಿ ಎರಡು ಇಳಕಲ್ ಸೀರೆ. ಅವುಗಳ ಮೈ ಎಲ್ಲ ಸವೆದಿತ್ತು, ಸೆರಗು ಗಟ್ಟಿ ಇತ್ತು. ಇಳಕಲ್ ಸೀರೆಯಲ್ಲಿ ಮೈಯ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಮಗ್ಗದ ಮೇಲೆಯೇ ಕೊಂಡಿ ಹಾಕಿ ಒಂದಕ್ಕೊಂದು ಸಿಕ್ಕಿಸುತ್ತಾರೆ. ‘ಸೀರಿ ಹರಿದ್ರೂ ಕೊಂಡಿ ಬಿಟ್ಟಿಲ್ಲ ನೋಡು’ ಅಂತ ಅತ್ತಿ ಆ ಜಾಗವನ್ನು ನನ್ನ ಬೆರಳಿಗೆ ಮುಟ್ಟಿಸಿದಳು.

ಅವ್ವ ಒಳಗೆ ಹೋಗಿ ಅಪ್ಪನ ಎರಡು ಖಾಕಿ ಅಂಗಿ ತಂದಳು. ನಾಲ್ಕು ವರ್ಷದಿಂದ ಟ್ರಂಕಿನಲ್ಲಿದ್ದವು. ನಡುವಿನ ಪದರಕ್ಕೆ ಹಾಕೋಣ ಅಂದಳು. ಕಾಕು ಮುಟ್ಟಿ ನೋಡಿ, ‘ಇದು ಬಿರುಸ ಐತಿ ಯವ್ವಾ, ಸೂಜಿ ಇಳ್ಯಂಗಿಲ್ಲ, ಬಾಣಂತಿಗೆ ಚುಚ್ಚತೈತಿ’ ಅಂದಳು. ಅವ್ವ ಏನೂ ಅನ್ನಲಿಲ್ಲ. ಮಡಚಿ ಪಕ್ಕಕ್ಕೆ ಇಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ಕತ್ತರಿ ತಗೊಂಡು ಒಂದು ಅಂಗಿಯ ಕಿಸೆ ಮಾತ್ರ ಬಿಡಿಸಿ, ಮೂಲೆಯಲ್ಲಿ ತ್ಯಾಪಿಯಾಗಿ ಇಟ್ಟಳು. ‘ಕೂಸಿಗೆ ಕಂಡಕ್ಟರ್ ಮುತ್ಯಾನ ಕಿಸೆ. ಚಿಲ್ಲರ ಕಡಿಮಿ ಬೀಳಂಗಿಲ್ಲ.’ ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ಅಪ್ಪನ ಮಾತು ಬಂದಾಗ ಆಕೆ ನಕ್ಕಿದ್ದನ್ನು ನಾನು ನೋಡಿ ಬಹಳ ದಿನ ಆಗಿತ್ತು.

ಒಂದು ಸಂಜೆ ಲ್ಯಾಪ್‌ಟಾಪ್ ತಂದು ಅವರಿಗೆ ಕೆಲವು ಚಿತ್ರ ತೋರಿಸಿದೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿ. ಮೂಲೆಗಳಲ್ಲಿ ಬಟ್ಟೆ ಮಡಚಿ ಹೂವು ಅಂತ ಇಡುತ್ತಾರೆ, ಅದಿಲ್ಲದೆ ಅವರ ಲೆಕ್ಕದಲ್ಲಿ ಕೌದಿ ಪೂರ್ತಿ ಆಗೋದಿಲ್ಲ. ಆಮೇಲೆ ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಅನ್ನುವ ಸಣ್ಣ ಊರಿನವು. ಹತ್ತಿ ತೋಟದಲ್ಲಿ ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು, ಹೊಲದಲ್ಲಿ ತೊಟ್ಟು ಹರಿದ ಬಟ್ಟೆಯಿಂದ ಹೊಲಿದದ್ದು. 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯ ಅವನ್ನು ಗೋಡೆಗೆ ತೂಗುಹಾಕಿ ಪ್ರದರ್ಶನ ಮಾಡಿತು, 2006ರಲ್ಲಿ ಅಮೆರಿಕದ ಅಂಚೆಚೀಟಿಯ ಮೇಲೂ ಬಂದವು. ಇವರು ನಾಲ್ವರೂ ಬಗ್ಗಿ ಬಗ್ಗಿ ನೋಡಿದರು. ‘ಹತ್ತಿ ಬಿಡಸೋರ ಅವರೂ?’ ಅಂತ ಅಜ್ಜಿ. ‘ತ್ಯಾಪಿ ಛಂದ ಹಾಕ್ಯಾರ. ಗ್ವಾಡಿಗೆ ಯಾಕ ಹಾಕ್ಯಾರ, ಹೊದಿಯಾಕ ಯಾರೂ ಇಲ್ಲೇನು?’ ಅಂತ ಕಾಕು.

ಸುಣ್ಣದ ಗೆರೆ

ಆರನೇ ದಿನ ಮೇಸ್ತ್ರಿ ಬಂದ. ಬರೋಕೆ ಹೇಳಿದವಳು ನಾನೇ. ಟೇಪು ಹಿಡಿದು ಅಳೆಯಬೇಕು, ಕೌದಿ ಅಡ್ಡ ಇತ್ತು. ನಾಲ್ವರೂ ಎದ್ದು, ಕೌದಿಯ ನಾಲ್ಕು ಮೂಲೆ ಹಿಡಿದು, ಸೂಜಿಗಳು ನೇತಾಡುವ ಹಾಗೆಯೇ ಎತ್ತಿಕೊಂಡು ಗೋಡೆಯ ಪಕ್ಕ ಸರಿದು ನಿಂತರು. ಮೇಸ್ತ್ರಿ ಸುಣ್ಣದ ಪುಡಿಯಲ್ಲಿ ಗೆರೆ ಹಾಕುತ್ತಾ ಹೋದ. ಗೆರೆ ಪುಂಡಿಪಲ್ಲೆಯ ಮಡಿಯನ್ನು ಸೀಳಿ, ಕರಿಬೇವಿನ ಬುಡ ದಾಟಿ, ಬೇವಿನ ಮರದ ಆಚೆಗೆ ಹೋಯಿತು. ‘ಈ ಗಿಡ ತಗೀಬೇಕಾಗತೈತ್ರಿ’ ಅಂದ.

ಯಾರೂ ಏನೂ ಅನ್ನಲಿಲ್ಲ. ನಮ್ಮ ಮನೆಯ ವಿಷಯ, ಅವರು ಯಾಕೆ ಮಾತಾಡುತ್ತಾರೆ? ಬೇವಿನ ಹೂ ಉದುರಿ ಕೌದಿಯ ಮೇಲೆ ಬಿದ್ದಿತ್ತು. ಕಾಕು ಅದನ್ನು ಕೊಡವುತ್ತಾ, ನನಗಲ್ಲ, ಅಜ್ಜಿಗೆ ಕೇಳಿದ ಹಾಗೆ ಕೇಳಿದಳು. ‘ಮುಂದಿನ ವರ್ಷ ಕೌದಿ ಎಲ್ಲಿ ಹಾಸೋಣು?’

ಆಗ ನನಗೆ ಹೊಳೆಯಿತು. ಕಾಕುವಿನ ಹಿತ್ತಲಲ್ಲಿ ಈಗ ಮಗನ ಮನೆ ಇದೆ. ಅಜ್ಜಿಯ ಹಿತ್ತಲಲ್ಲಿ ಗ್ಯಾರೇಜು. ಅತ್ತಿಯದು ನರಗುಂದದಲ್ಲಿ ಪೂರ್ತಿ ಫರಸಿ, ಆಕೆ ಮಾಳಿಗೆ ಮೇಲೆ ಪೇಂಟಿನ ಡಬ್ಬಿಯಲ್ಲಿ ಮಲ್ಲಿಗೆ ಬೆಳೆಸುತ್ತಾಳೆ. ಎಲ್ಲರೂ ನಮ್ಮ ಹಿತ್ತಲಕ್ಕೆ ಬರುತ್ತಿದ್ದದ್ದು ಅವ್ವನ ಮೇಲಿನ ಪ್ರೀತಿಗೆ ಅಂತ ಅಂದುಕೊಂಡಿದ್ದೆ. ಪ್ರೀತಿ ಇದೆ, ಸುಳ್ಳಲ್ಲ. ಆದರೆ ಆರಡಿ ಕೌದಿ ಹಾಸಿ ನಾಲ್ಕು ಮಂದಿ ಸುತ್ತ ಕೂಡುವಷ್ಟು ನೆಲ, ನೆರಳು ಈ ಓಣಿಯಲ್ಲಿ ಉಳಿದದ್ದು ಇದೊಂದೇ.

ಅವತ್ತು ರಾತ್ರಿ ರೊಟ್ಟಿ ತಿನ್ನುವಾಗ ಅವ್ವನನ್ನು ನೇರ ಕೇಳಿದೆ. ‘ನಿನಗ ಖರೇನ ಈ ಕೋಣಿ ಬೇಕೇನು?’ ಆಕೆ ‘ಬ್ಯಾಡ, ನನಗ ನನ್ನ ಗಿಡ ಸಾಕು’ ಅನ್ನುತ್ತಾಳೆ, ನಾನು ಪಟ್ಟಿ ಹರಿದು ಹಾಕುತ್ತೇನೆ ಅಂತ ಒಳಗೊಳಗೇ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ‘ಬೇಕು’ ಅಂದಳು. ‘ತಿಂಗಳಾ ತಿಂಗಳಾ ನೀ ರೊಕ್ಕ ಹಾಕ್ತಿ. ನನಗೂ ನನ್ನ ಕೈಯಾಗ ನನ್ನ ರೊಕ್ಕ ಬೇಕನಸ್ತೈತಿ. ನಾಳೆ ನಿನ್ನ ಲಗ್ನ ಆತಂದ್ರ ಹ್ಯಾಂಗ ಕೇಳ್ಲಿ?’ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂದಳು. ‘ಹಿತ್ತಲಾನೂ ಬೇಕು. ಎರಡೂ ಬೇಕಂದ್ರ ಆಸೆಬುರುಕಿ ಅಂತೀ ಅಂತ ಸುಮ್ಮನಿದ್ದೆ.’

ನನ್ನ ತೀರ್ಮಾನದಲ್ಲಿ ಇದ್ದ ತಪ್ಪು ಅದೇ. ಆಕೆಗೆ ಏನು ಬೇಕು ಅಂತ ಕೇಳದೆ, ಆಕೆಗೆ ಏನು ಒಳ್ಳೆಯದು ಅಂತ ನಾನೇ ಲೆಕ್ಕ ಹಾಕಿಬಿಟ್ಟಿದ್ದೆ.

ಮರುದಿನ ಮೇಸ್ತ್ರಿಯನ್ನು ಮತ್ತೆ ಕರೆಸಿದೆವು. ಮನೆಯ ಪಕ್ಕಕ್ಕೆ ಹಳೇ ದನದ ಕೊಟ್ಟಿಗೆ ಇದೆ, ಎಮ್ಮೆ ಮಾರಿದ ಮೇಲೆ ಕಟ್ಟಿಗೆ ತುಂಬಿಕೊಂಡು ನಿಂತಿದೆ. ಅಲ್ಲಿ ಒಂದೇ ಕೋಣೆ. ಬಾಡಿಗೆ ಅರ್ಧ, ಸಾಲವೂ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಅವ್ವ ಒಂದೇ ಷರತ್ತು ಹಾಕಿದಳು. ಆ ಕೋಣೆಯ ಬಚ್ಚಲ ನೀರಿನ ಪೈಪು ಗಟಾರಕ್ಕೆ ಹೋಗಬಾರದು, ಬಾಳೆಯ ಕಡೆ ತಿರುಗಬೇಕು. ದುಡ್ಡಿನ ಲೆಕ್ಕದಲ್ಲಿ ಎರಡು ಕೋಣೆಯೇ ಸರಿ ಅಂತ ನನ್ನ ಗೆಳತಿಯರು ಈಗಲೂ ಹೇಳುತ್ತಾರೆ. ಅವರ ಮಾತಿನಲ್ಲಿ ಅರ್ಥ ಇದೆ.

ಒಂಬತ್ತನೇ ಸಂಜೆ ನಾಲ್ಕು ಸೂಜಿ ನಡುವೆ ಬಂದು ಸೇರಿದವು. ಒಂದು ಮೂಲೆಯನ್ನು ಅಜ್ಜಿ ಮೊದಲೇ ಹೊಲಿಯದೆ ಬಿಟ್ಟಿದ್ದಳು. ಅಲ್ಲಿ ಒಂದು ಚಿಟಿಕೆ ಜೋಳದ ಕಾಳು ಹಾಕಿ ಬಾಯಿ ಮುಚ್ಚಿದಳು. ಕೌದಿಯ ಹೊಟ್ಟೆ ಬರಿದಾಗಿರಬಾರದಂತೆ, ಹೊದ್ದವರ ಹೊಟ್ಟೆಯೂ. ಮಡಚಿ ಹೆಗಲ ಮೇಲೆ ಹಾಕಿಕೊಂಡು ಹೊರಟಾಗ ಖಾಕಿ ಕಿಸೆ ಮೇಲೆಯೇ ಕಾಣುತ್ತಿತ್ತು. ನನ್ನ ಸೊಟ್ಟ ಸಾಲೂ.

ಬೆಂಗಳೂರಿಗೆ ಬರುವಾಗ ಕಾಕು ಒಂದು ಪುಡಿಕೆ ಪುಂಡಿ ಬೀಜ ಕೊಟ್ಟಳು. ಏಳನೇ ಮಹಡಿಯ ಬಾಲ್ಕನಿಯಲ್ಲಿ ಪೇಂಟಿನ ಡಬ್ಬಿಗೆ ಹಾಕಿದ್ದೇನೆ, ಗೇಣುದ್ದ ಎದ್ದಿದೆ. ಶುಕ್ರವಾರದ ಊಟದ ಹೊತ್ತಿಗೆ ಸ್ಕಾರ್ಫ್ ಬದಲು ಹಳೇ ಚೂಡಿದಾರದ ತುಂಡುಗಳನ್ನು ಒಯ್ಯುತ್ತಿದ್ದೇನೆ, ಸಣ್ಣ ದಿಂಬಿನ ಹೊದಿಕೆಯಷ್ಟು ಕೌದಿ. ಪಕ್ಕದ ತಂಡದ ಹುಡುಗಿಯೊಬ್ಬಳು ಹೋದ ವಾರ ತನ್ನ ಅಮ್ಮನ ಸೀರೆಯ ತುಂಡು ತಂದಿದ್ದಳು. ‘ಎಲ್ಲಿಂದ ಶುರು ಮಾಡಬೇಕು?’ ಅಂತ ಕೇಳಿದಳು. ‘ಅಂಚಿನಿಂದ’ ಅಂದೆ.

ಭಾನುವಾರ ಅವ್ವನಿಗೆ ಫೋನ್ ಮಾಡಿದಾಗ ಈಗ ಲ್ಯಾಪ್‌ಟಾಪ್ ಮುಚ್ಚಿಡುತ್ತೇನೆ. ಹೋದ ವಾರದ ಸುದ್ದಿ: ಕೊಟ್ಟಿಗೆಯ ಗೋಡೆ ಕಿತ್ತಾಗಿದೆ, ಅಜ್ಜಿಯ ಮೊಮ್ಮಗಳಿಗೆ ಹೆಣ್ಣು ಕೂಸು, ಕೋಳಿ ಮತ್ತೆ ಬಂದಿತ್ತು.

ನಿಮ್ಮ ಓಣಿಯಲ್ಲಿ ಕೌದಿ ಹಾಸುವಷ್ಟು ಹಿತ್ತಲು ಯಾರ ಮನೆಯಲ್ಲಿ ಉಳಿದಿದೆ? ಇದ್ದರೆ, ಈ ಬೇಸಿಗೆಗೆ ಒಂದು ಸಂಜೆ ಹೋಗಿ ಕೂತು ಬನ್ನಿ. ಹೊಲಿಯಲು ಬರದಿದ್ದರೂ ಪರವಾಗಿಲ್ಲ. ಸೂಜಿ ಪೋಣಿಸುವವರು ಯಾವಾಗಲೂ ಬೇಕಾಗಿರುತ್ತಾರೆ.